ಮಳೆಗಾಲದಲ್ಲೂ ತೆರೆಯುವ ನಿಘಂಟು: ಯಾವ ಲೈಬ್ರರಿ, ಯಾವ ಡೇಟಾ?

ಇಂಗ್ಲಿಷ್ ಪದ ಟೈಪ್ ಮಾಡಿದರೆ ಅರ್ಥ ತೋರಿಸುವ ಆ್ಯಪ್ ಮಾಡುವುದು ಈಗ ಕಷ್ಟದ ಕೆಲಸವಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬಂದರೆ ಸಾಕು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಕಕ್ಕಡದ ಮಳೆಯಲ್ಲಿ, ಭಾಗಮಂಡಲದ ಕಡೆಯ ಒಂದು ಶಾಲೆಯಲ್ಲಿ ಆ ಆ್ಯಪ್ ತೆರೆಯುತ್ತದಾ? ತೆರೆದರೂ ಅಲ್ಲಿ ಬಂದ ವಿವರಣೆ ಎಂಟನೇ ತರಗತಿಯ ಮಗುವಿಗೆ ತಿಳಿಯುತ್ತದಾ? ಲೈಬ್ರರಿ (ಬೇರೆಯವರು ಮೊದಲೇ ಬರೆದಿಟ್ಟ, ನಮ್ಮ ಆ್ಯಪ್‌ಗೆ ಜೋಡಿಸಿಕೊಳ್ಳುವ ಕೋಡ್) ಆರಿಸುವಾಗ ಈ ಎರಡನ್ನು ಕೇಳುವವರು ಕಡಿಮೆ. ಎಷ್ಟು ಲಕ್ಷ ಪದ ಇದೆ ಅಂತ ಕೇಳುವವರೇ ಜಾಸ್ತಿ.

ಕೊಡಗಿನ ಕೆಲವು ಶಾಲೆಗಳ ಕಂಪ್ಯೂಟರ್ ಲ್ಯಾಬಿಗೆ ನಾನು ಬಿಡುವಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಶಾಲೆಯ ಮೇಷ್ಟ್ರುಗಳು, ಕೋಚಿಂಗ್ ನಡೆಸುವವರು, ಪಾಲಿಟೆಕ್ನಿಕ್ ಹುಡುಗರು ಎಲ್ಲರೂ ಇದನ್ನೇ ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಇಟ್ಟಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಲೈಬ್ರರಿ ಬೇರೆ, ಅದರ ಒಳಗಿನ ಡೇಟಾ ಬೇರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಷ್ಟು ಹೊಸದಾದರೇನು, ಹಸಿರು ಕಾಯಿ ಹಾಕಿದರೆ ಕಾಫಿ ಕೆಡುತ್ತದೆ. ಹಾಗೇ ಇದು. ಪೈಥಾನ್‌ಗೆ, ಜಾವಾಸ್ಕ್ರಿಪ್ಟ್‌ಗೆ ನಿಘಂಟಿನ ಲೈಬ್ರರಿಗಳು ಡಜನ್‌ಗಟ್ಟಲೆ ಇವೆ. ಹೆಸರು ಬೇರೆ ಬೇರೆ ಇದ್ದರೂ ಬಹುಪಾಲು ಲೈಬ್ರರಿಗಳು ಅರ್ಥ ತರುವುದು ಎರಡೇ ಮೂಲಗಳಿಂದ: ಒಂದು ವರ್ಡ್‌ನೆಟ್, ಇನ್ನೊಂದು ವಿಕ್ಷನರಿ. ಇವೆರಡನ್ನು ಬಿಟ್ಟರೆ ಪ್ರಕಾಶಕರ ನಿಘಂಟುಗಳು. ಹಾಗಾಗಿ ಮೊದಲು ಡೇಟಾ ಆರಿಸಿ. ಲೈಬ್ರರಿ ಆಮೇಲೆ ತಾನಾಗಿ ಸಿಗುತ್ತದೆ.

ನೆಟ್ ಬೇಕಾದವು

ಇವನ್ನು ಬೇಗ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಇವುಗಳ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮರ ಬಿದ್ದರೆ ಕರೆಂಟು ಹೋಯಿತು, ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಹೋಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಬಿಡಿ, ಸಾಧಾರಣ ಮಳೆಗಾಲದಲ್ಲೇ ಈ ಪಾಡು.

ಎಪಿಐ ಅಂದರೆ ನಮ್ಮ ಆ್ಯಪ್ ನೆಟ್ ಮೂಲಕ ಬೇರೆಯವರ ಸರ್ವರ್‌ನಿಂದ ಉತ್ತರ ಕೇಳಿ ಪಡೆಯುವ ದಾರಿ. ಅವುಗಳಲ್ಲಿ ಫ್ರೀ ಡಿಕ್ಷನರಿ ಎಪಿಐ ಎಲ್ಲಕ್ಕಿಂತ ಸುಲಭ. ಕೀ (ಬಳಸುವವರಿಗೆ ಕೊಡುವ ಗುಪ್ತ ಸಂಕೇತ) ಬೇಡ, ನೋಂದಣಿ ಬೇಡ. ವಿಳಾಸದ ಕೊನೆಗೆ ಪದ ಸೇರಿಸಿದರೆ ಅರ್ಥ, ಉಚ್ಚಾರಣೆ, ಕೆಲವು ಪದಗಳಿಗೆ ಆಡಿಯೋ ಕೊಂಡಿ ಕೂಡ ಜೆಸಾನ್ ಎಂಬ, ಪ್ರೋಗ್ರಾಂ ಸುಲಭವಾಗಿ ಓದುವ ರೂಪದಲ್ಲಿ ಬರುತ್ತದೆ. ಡೇಟಾ ವಿಕ್ಷನರಿಯದು. ನಡೆಯುವುದು ಜನ ಕೊಡುವ ದೇಣಿಗೆಯಿಂದ. ಹಾಗಾಗಿ ನಾಳೆ ಸರ್ವರ್ ನಿಧಾನವಾದರೆ ಯಾರನ್ನೂ ಕೇಳುವ ಹಾಗಿಲ್ಲ. ಕಲಿಯುವವರ ಮೊದಲ ಪ್ರಾಜೆಕ್ಟಿಗೆ ಒಳ್ಳೆಯದು.

ಡೇಟಾಮ್ಯೂಸ್ ಇನ್ನೂ ಉದಾರ. ಕೀ ಇಲ್ಲದೆ ದಿನಕ್ಕೆ 1,00,000 ಕೋರಿಕೆವರೆಗೆ ಉಚಿತ. ಇದರ ಬಲ ಇರುವುದು ಅರ್ಥ ಕೊಡುವುದರಲ್ಲಿ ಅಲ್ಲ, ಪದ ಹುಡುಕಿಕೊಡುವುದರಲ್ಲಿ. ಒಂದು ಪದಕ್ಕೆ ಪ್ರಾಸವಾಗುವ ಪದ, ಅದರ ಜೊತೆ ಸಾಮಾನ್ಯವಾಗಿ ಬರುವ ಪದ, ಅದರಂತೆ ಕೇಳಿಸುವ ಪದ, ಎಲ್ಲ ಸಿಗುತ್ತದೆ. ಪದಗಳ ಆಟ ಮಾಡುವವರು ಇದನ್ನು ನೋಡಲೇಬೇಕು.

ಮೆರಿಯಮ್-ವೆಬ್‌ಸ್ಟರ್ ಎಪಿಐಯಲ್ಲಿ ಕಲಿಯುವವರಿಗಾಗಿಯೇ ಬರೆದ ನಿಘಂಟು ಇದೆ, ಚಿಕ್ಕ ಮಕ್ಕಳದ್ದೂ ಇದೆ. ವಿವರಣೆಯ ಗುಣಮಟ್ಟದಲ್ಲಿ ಈ ಬರಹದಲ್ಲಿರುವ ಬೇರೆ ಯಾವುದೂ ಅದಕ್ಕೆ ಸಾಟಿಯಲ್ಲ. ಆದರೆ ಉಚಿತ ಬಳಕೆ ಲಾಭಕ್ಕಲ್ಲದ ಕೆಲಸಕ್ಕೆ ಮಾತ್ರ, ಅದೂ ಒಂದು ಕೀಗೆ ದಿನಕ್ಕೆ 1,000 ಕೋರಿಕೆ. ಒಂದು ತರಗತಿಯಲ್ಲಿ 40 ಮಕ್ಕಳು ತಲಾ 30 ಪದ ನೋಡಿದರೆ 1,200 ಆಯಿತು. ಒಂದೇ ಪೀರಿಯಡ್‌ನಲ್ಲಿ ಮಿತಿ ದಾಟಿತು, ಅಲ್ವಾ?

ವರ್ಡ್‌ನಿಕ್ ಹಲವು ನಿಘಂಟುಗಳ ಅರ್ಥಗಳನ್ನು ಒಟ್ಟಿಗೆ ಕೊಡುತ್ತದೆ. ಅದಕ್ಕೂ ಕೀ ಬೇಕು. ಪದದ ಹುಚ್ಚಿರುವ ದೊಡ್ಡವರಿಗೆ ಚೆನ್ನ, ಮಕ್ಕಳಿಗೆ ಗೊಂದಲ.

ಇನ್ನು ಪೈಡಿಕ್ಷನರಿ. ಯೂಟ್ಯೂಬ್‌ನ ಹಳೆಯ ಪಾಠಗಳಲ್ಲೆಲ್ಲ ಇದೇ ಕಾಣುತ್ತದೆ, ಅದಕ್ಕೇ ಹುಡುಗರು ಇದನ್ನೇ ಮೊದಲು ಇನ್‌ಸ್ಟಾಲ್ ಮಾಡುತ್ತಾರೆ. ಇದು ಬೇರೆಯವರ ವೆಬ್ ಪುಟಗಳನ್ನು ಓದಿ, ಅದರಿಂದ ಅರ್ಥ ಕಿತ್ತು ತರುವ ಲೈಬ್ರರಿ. ಆ ಪುಟದ ವಿನ್ಯಾಸ ಬದಲಾದ ದಿನ ಕೋಡ್ ಕೆಲಸ ಬಿಡುತ್ತದೆ. ಹೊಸ ಕೆಲಸಕ್ಕೆ ಬೇಡ.

"ಗೂಗಲ್‌ನಲ್ಲಿ ಬರುವ ಅರ್ಥವನ್ನೇ ತಗೊಳ್ಳೋಣ" ಅನ್ನುವವರೂ ಇದ್ದಾರೆ. ಅದಕ್ಕೆ ಗೂಗಲ್ ಅಧಿಕೃತ ಎಪಿಐ ಕೊಟ್ಟಿಲ್ಲ. ಎಐ ಮಾದರಿಯನ್ನು ಕೇಳೋಣ ಅಂದರೆ ಅದಕ್ಕೂ ನೆಟ್ ಬೇಕು, ಇಲ್ಲವೇ ಶಾಲೆಯ ಲ್ಯಾಬಿನಲ್ಲಿ ಇಲ್ಲದಂಥ ಯಂತ್ರ ಬೇಕು. ಅದೂ ಅಲ್ಲದೆ ಎರಡು ಮಕ್ಕಳು ಒಂದೇ ಪದ ಕೇಳಿದರೆ ಎರಡು ಬಗೆಯ ಉತ್ತರ ಬರಬಹುದು. ಮೇಷ್ಟ್ರಿಗೆ ತಲೆನೋವು.

ವರ್ಡ್‌ನೆಟ್: ಆಫ್‌ಲೈನ್‌ನ ಹಳೆಯ ನಂಬಿಕಸ್ಥ

1985ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಶುರು ಮಾಡಿದ ಕೆಲಸ ಇದು. ಮಾಮೂಲಿ ನಿಘಂಟಿನ ಹಾಗೆ ಪದವನ್ನು ಹಿಡಿದು ಅರ್ಥ ಬರೆಯುವುದಿಲ್ಲ. ಅರ್ಥವನ್ನು ಹಿಡಿದು, ಆ ಅರ್ಥ ಇರುವ ಪದಗಳನ್ನೆಲ್ಲ ಒಂದು ಗುಂಪು ಮಾಡುತ್ತದೆ. ಆ ಗುಂಪಿಗೆ ಸಿನ್‌ಸೆಟ್ ಅನ್ನುತ್ತಾರೆ. 2006ರಲ್ಲಿ ಬಂದ 3.0 ಆವೃತ್ತಿಯಲ್ಲಿ 1,55,287 ಪದಗಳಿವೆ, 1,17,659 ಸಿನ್‌ಸೆಟ್‌ಗಳಿವೆ. ಸಿನ್‌ಸೆಟ್‌ಗಳ ನಡುವೆ ಸಂಬಂಧವನ್ನೂ ಬರೆದಿದ್ದಾರೆ: ಇದು ಅದರ ಒಂದು ಬಗೆ, ಇದು ಅದರ ಭಾಗ, ಇದು ಅದಕ್ಕೆ ವಿರುದ್ಧ. ಇಷ್ಟೆಲ್ಲ ಇದ್ದೂ ಕುಗ್ಗಿಸಿದ ಫೈಲ್ ಸುಮಾರು 10 ಎಂಬಿ ಅಷ್ಟೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಚಕ್ ಅಂತ ತೆರೆಯುತ್ತದೆ.

ಪೈಥಾನ್‌ನಲ್ಲಿ ಇದಕ್ಕೆ ಎರಡು ಮುಖ್ಯ ದಾರಿ. ಒಂದು ಎನ್‌ಎಲ್‌ಟಿಕೆ, ಕಂಪ್ಯೂಟರ್‌ನಲ್ಲಿ ಭಾಷೆಯ ಕೆಲಸಗಳಿಗೆಂದು ಇರುವ ಸಲಕರಣೆಗಳ ದೊಡ್ಡ ಗಂಟು. 2001ರಿಂದ ಇರುವ, ಕಾಲೇಜುಗಳಲ್ಲಿ ಕಲಿಸುವ ಲೈಬ್ರರಿ. ಇನ್ನೊಂದು ಮೈಕೇಲ್ ಗುಡ್‌ಮನ್ ಬರೆದ 'ಡಬ್ಲ್ಯುಎನ್' (wn) ಎಂಬ ಎರಡಕ್ಷರದ ಲೈಬ್ರರಿ. ಅದು ಡೇಟಾವನ್ನು ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್ ಆಗಿ ಇಡುತ್ತದೆ. ನನ್ನ ಓಟು ಎರಡನೆಯದಕ್ಕೆ. ನಿಘಂಟು ಒಂದೇ ಬೇಕಾದಾಗ ಎನ್‌ಎಲ್‌ಟಿಕೆಯಂಥ ದೊಡ್ಡ ಲೈಬ್ರರಿಯನ್ನು ಪೂರ್ತಿ ಹೊತ್ತುಕೊಂಡು ಹೋಗುವುದು ಸುಮ್ನೆ ಭಾರ. ಅದೂ ಅಲ್ಲದೆ ಎಸ್‌ಕ್ಯೂಲೈಟ್ ಇದ್ದರೆ ನಾಳೆ ಆಂಡ್ರಾಯ್ಡ್ ಆ್ಯಪ್ ಮಾಡುವಾಗ ಡೇಟಾ ಎತ್ತಿಕೊಳ್ಳುವುದು ಸಲೀಸು. ಎನ್‌ಎಲ್‌ಟಿಕೆ ಪರವಾಗಿ ಒಂದು ಮಾತು ಹೇಳಬೇಕು: 'ವೆಂಟ್' ಅಂತ ಕೊಟ್ಟರೆ ಅದು ತಾನಾಗಿಯೇ 'ಗೋ'ಗೆ ಹೋಗುತ್ತದೆ. 'ಡಬ್ಲ್ಯುಎನ್'ನಲ್ಲಿ ಈ ಕೆಲಸಕ್ಕೆ ಮಾರ್ಫಿ ಎಂಬ ಭಾಗವನ್ನು ನೀವೇ ಜೋಡಿಸಬೇಕು. ಜೋಡಿಸದಿದ್ದರೆ ಪಾಠದಲ್ಲಿ ಬರುವ ಭೂತಕಾಲದ ಕ್ರಿಯಾಪದಗಳಲ್ಲಿ ಹಲವಕ್ಕೆ "ಸಿಗಲಿಲ್ಲ" ಅಂತ ಉತ್ತರ ಬರುತ್ತದೆ.

ಈಗ ತೊಂದರೆಗಳು. ಇವನ್ನು ನೋಡದೆ ಯಾರೂ ಮಕ್ಕಳ ಕೈಗೆ ಕೊಡಬಾರದು.

ವರ್ಡ್‌ನೆಟ್‌ನಲ್ಲಿರುವುದು ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ ಮಾತ್ರ. ಸರ್ವನಾಮ ಇಲ್ಲ, ಪ್ರಿಪೊಸಿಷನ್ ಇಲ್ಲ, 'ಬಿಕಾಸ್', 'ಆಲ್ದೋ' ಥರದ ಜೋಡಿಸುವ ಪದ ಇಲ್ಲ. ಇಲ್ಲ ಅಂತ ಹೇಳಿ ಸುಮ್ಮನಿದ್ದರೂ ಸಾಕಿತ್ತು. 'ಹಿ' (he) ಅಂತ ಕೊಟ್ಟು ನೋಡಿ, ಹೀಲಿಯಂ ಅನಿಲದ ವಿವರಣೆ ಬರುತ್ತದೆ. ಆ ಎರಡಕ್ಷರ ಹೀಲಿಯಂನ ಸಂಕೇತ ಕೂಡ ಅಲ್ವಾ! 'ಹೂ' (who) ಅಂತ ಕೇಳಿದರೆ ವಿಶ್ವ ಆರೋಗ್ಯ ಸಂಸ್ಥೆ. 'ಆ್ಯಸ್' (as) ಅಂದರೆ ಆರ್ಸೆನಿಕ್. ಪಾಠದಲ್ಲಿ ಪದೇ ಪದೇ ಬರುವ ಪದಗಳು ಇವೇ. ಮಗು ಮೊದಲ ದಿನವೇ ಇವನ್ನು ಒತ್ತಿ ನೋಡುತ್ತದೆ. ಆದ್ದರಿಂದ ಇಂಥ ಇನ್ನೂರರಷ್ಟು ಪುಟ್ಟ ಪದಗಳ ಪಟ್ಟಿಯನ್ನು ಇಂಗ್ಲಿಷ್ ಟೀಚರ್ ಜೊತೆ ಕೂತು ಕೈಯಲ್ಲೇ ಬರೆಯಿರಿ. ಆ್ಯಪ್ ಮೊದಲು ಆ ಪಟ್ಟಿ ನೋಡಲಿ, ಆಮೇಲೆ ವರ್ಡ್‌ನೆಟ್‌ಗೆ ಹೋಗಲಿ.

ಎರಡನೆಯದು, ಅರ್ಥಗಳ ಸರದಿ. ಯಾವ ಪದ ಯಾವ ಅರ್ಥದಲ್ಲಿ ಬಂದಿದೆ ಅಂತ ಗುರುತು ಹಾಕಿದ ಇಂಗ್ಲಿಷ್ ಬರಹಗಳಲ್ಲಿ ಯಾವ ಅರ್ಥ ಹೆಚ್ಚು ಸಲ ಬಂತು ಅನ್ನುವುದರ ಮೇಲೆ ಸರದಿ ನಿಂತಿದೆ. ಆ ಬರಹಗಳು ಅಮೆರಿಕದವು. 'ಎಸ್ಟೇಟ್' ಅಂದರೆ ನಮ್ಮ ಸಿದ್ದಾಪುರದ ಮಗುವಿಗೆ ಕಾಫಿ ತೋಟ. ವರ್ಡ್‌ನೆಟ್‌ನ ಮೊದಲ ಅರ್ಥ ಒಬ್ಬನಿಗಿರುವ ಆಸ್ತಿ ಮತ್ತು ಸಾಲಗಳ ಒಟ್ಟು ಮೊತ್ತ. ಜಮೀನು ಎರಡನೇ ಸಾಲಿನಲ್ಲಿ ಬರುತ್ತದೆ. 'ಬೆರಿ' ಒತ್ತಿದರೆ ಹಣ್ಣಿನ ಎರಡು ಅರ್ಥಗಳಾದ ಮೇಲೆ ಮೂರನೆಯದಾಗಿ ಅಮೆರಿಕದ ರಾಕ್ ಗಾಯಕ ಚಕ್ ಬೆರಿ ಹಾಜರಾಗುತ್ತಾನೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಈ ಗಾಯಕ ಏಕೆ? ವ್ಯಕ್ತಿಗಳ ಮತ್ತು ಊರುಗಳ ಸಿನ್‌ಸೆಟ್‌ಗಳಿಗೆ ಡೇಟಾದಲ್ಲೇ ಬೇರೆ ಗುರುತು ಇದೆ. 'ಇನ್‌ಸ್ಟೆನ್ಸ್' ಎಂಬ ಆ ಸಂಬಂಧವನ್ನು ನೋಡಿ ಅವನ್ನು ಸೋಸಿ ತೆಗೆಯಬಹುದು.

ಮೂರನೆಯದು ಕ್ವಿಜ್ ಮಾಡುವವರಿಗೆ. ಸಮಾನಾರ್ಥಕ ಪದಗಳನ್ನು ಒಂದು ಪದದ ಎಲ್ಲ ಅರ್ಥಗಳಿಂದ ಬಾಚಿ ಒಂದೇ ಪಟ್ಟಿ ಮಾಡಬೇಡಿ. ನಮ್ಮಲ್ಲಿ ಮಳೆಗಾಲಕ್ಕೆ ಕಾಲಿಗೆ ಹತ್ತುವ ಜಿಗಣೆಯನ್ನೇ ನೋಡಿ. 'ಲೀಚ್'ಗೆ ಹುಳುವಿನ ಅರ್ಥವೂ ಇದೆ, ಇನ್ನೊಬ್ಬರ ಮೇಲೆ ಬಿದ್ದು ಬದುಕುವವನು ಅನ್ನುವ ಅರ್ಥವೂ ಇದೆ. ಎರಡನೇ ಗುಂಪಿನಲ್ಲಿ 'ಸ್ಪಂಜ್' ಕೂಡ ಇದೆ. ಎರಡನ್ನೂ ಕಲಸಿದರೆ "ಲೀಚ್ ಅಂದರೆ ಸ್ಪಂಜ್" ಅಂತ ಆ್ಯಪ್ ಪಾಠ ಹೇಳುತ್ತದೆ. ಸಿನ್‌ಸೆಟ್‌ನ ಗಡಿ ದಾಟಬಾರದು, ಇಷ್ಟೇ ನಿಯಮ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ವರ್ಡ್‌ನೆಟ್‌ನ ವಿವರಣೆಗಳನ್ನು ಮಕ್ಕಳಿಗೆಂದು ಬರೆದಿಲ್ಲ. 'ಡಾಗ್' ಅಂತ ಕೇಳಿದರೆ ಅದು ಕ್ಯಾನಿಸ್ ಕುಲಕ್ಕೆ ಸೇರಿದ್ದು, ಬಹುಶಃ ತೋಳದಿಂದ ಬಂದದ್ದು, ಇತಿಹಾಸಪೂರ್ವ ಕಾಲದಿಂದ ಮನುಷ್ಯ ಪಳಗಿಸಿದ್ದು ಅಂತ ಉದ್ದ ವಾಕ್ಯ ಬರುತ್ತದೆ. ನಾಯಿ ಅಂತ ತಿಳಿಯಲು ಮಗು ಇನ್ನೂ ಐದಾರು ಪದ ಹುಡುಕಬೇಕು.

ಪ್ರಿನ್ಸ್‌ಟನ್‌ನವರು ಈಗ ಹೊಸ ಪದ ಸೇರಿಸುತ್ತಿಲ್ಲ. 2006ರ ಡೇಟಾದಲ್ಲಿ ಸೆಲ್ಫಿ ಎಲ್ಲಿಂದ ಬರಬೇಕು? ಈ ಕೆಲಸವನ್ನು ಮುಂದುವರಿಸುತ್ತಿರುವುದು ಓಪನ್ ಇಂಗ್ಲಿಷ್ ವರ್ಡ್‌ನೆಟ್. 2019ರಿಂದ ಆವೃತ್ತಿಗಳು ಬರುತ್ತಿವೆ. ಹಳೆಯ ತಪ್ಪುಗಳನ್ನು ತಿದ್ದುತ್ತಾರೆ, ಹೊಸ ಪದ ಸೇರಿಸುತ್ತಾರೆ. ಯಾವುದಾದರೂ ಅರ್ಥ ಬಿಟ್ಟುಹೋಗಿದ್ದರೆ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಅವರ ಪುಟದಲ್ಲಿ ಯಾರು ಬೇಕಾದರೂ ಹೇಳಬಹುದು. 'ಡಬ್ಲ್ಯುಎನ್' ಲೈಬ್ರರಿಯಲ್ಲಿ ಇದು ನೇರವಾಗಿ ಸಿಗುತ್ತದೆ. ವರ್ಡ್‌ನೆಟ್ ಬೇಕು ಅಂತ ತೀರ್ಮಾನಿಸಿದವರು ಹಳೆಯದನ್ನು ಬಿಟ್ಟು ಇದನ್ನೇ ತೆಗೆದುಕೊಳ್ಳಿ. ಪುಟ್ಟ ಪದಗಳ ಕೊರತೆ ಮತ್ತು ವಿವರಣೆಯ ಗಡಸುತನ ಮಾತ್ರ ಇಲ್ಲೂ ಹಾಗೇ ಇವೆ.

ವಿಕ್ಷನರಿ: ಎಲ್ಲವೂ ಇದೆ, ಅದೇ ಕಷ್ಟ

ವಿಕಿಪೀಡಿಯದವರ ನಿಘಂಟು. 2002ರ ಡಿಸೆಂಬರ್‌ನಲ್ಲಿ ಶುರುವಾಯಿತು. ಇದನ್ನು ಕಂಪ್ಯೂಟರ್ ಓದುವ ಹಾಗೆ ಮಾಡಿಕೊಟ್ಟವರು ಟಾಟು ಯ್ಲೋನೆನ್. ಅವರ ವಿಕ್ಟೆಕ್ಸ್‌ಟ್ರಾಕ್ಟ್ ಎಂಬ ಸಾಧನದಿಂದ ತೆಗೆದ ಡೇಟಾ ಕೈಕ್ಕಿ ಎಂಬ ತಾಣದಲ್ಲಿ ಸಿದ್ಧವಾಗಿ ಸಿಗುತ್ತದೆ. ನೀವೇ ಪುಟಗಳನ್ನು ಒಡೆದು ಓದುವ ಕಷ್ಟ ಬೇಡ. ಒಂದೊಂದು ಪದಕ್ಕೂ ಅರ್ಥ, ರೂಪಗಳು, ಉಚ್ಚಾರಣೆ, "ಹಳೆಯದು", "ಆಡುಮಾತು", "ಅಸಭ್ಯ" ಎಂಬ ಗುರುತು, ಬೇರೆ ಭಾಷೆಗಳ ಅನುವಾದ, ಎಲ್ಲ ಇದೆ. ಪ್ರಿಪೊಸಿಷನ್, ಸರ್ವನಾಮ ಕೂಡ ಇವೆ. ಭಾರತದ ಇಂಗ್ಲಿಷ್ ಕೂಡ ಇದೆ. ನಮ್ಮ ಆಫೀಸುಗಳ 'ಪ್ರಿಪೋನ್' ಇಲ್ಲಿ ಸಿಗುತ್ತದೆ.

ಕಾಫಿಯವರಿಗೆ ಒಂದು ಸಣ್ಣ ಖುಷಿ. 'ಪಾರ್ಚ್‌ಮೆಂಟ್' ಪದ ಹುಡುಕಿ. ಪ್ರಿನ್ಸ್‌ಟನ್ ವರ್ಡ್‌ನೆಟ್ ಕುರಿಯ ಚರ್ಮ ಮತ್ತು ಅಂಥದೇ ಕಾಗದದ ಬಗ್ಗೆ ಹೇಳಿ ನಿಲ್ಲಿಸುತ್ತದೆ. ವಿಕ್ಷನರಿಗೆ ಕಾಫಿ ಬೀಜದ ಮೇಲಿನ ಪೊರೆಯೂ ಗೊತ್ತು. ಆ ಅರ್ಥ 1913ರ ವೆಬ್‌ಸ್ಟರ್ ನಿಘಂಟಿನಲ್ಲೇ ಇತ್ತು. ಆ ಹಳೆಯ ನಿಘಂಟಿನ ಮೇಲೆ ಈಗ ಯಾರ ಹಕ್ಕೂ ಇಲ್ಲ, ಹಾಗಾಗಿ ಅದನ್ನೂ ನೀವು ಬಳಸಬಹುದು. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಿಗೆ 'ರೈಟರ್' ಅನ್ನುತ್ತಿದ್ದರು ಅಂತಲೂ ಅದರಲ್ಲಿದೆ. ನಮ್ಮ ತೋಟಗಳಲ್ಲಿ ಇವತ್ತಿಗೂ ಲೆಕ್ಕ ಬರೆಯುವವರು ರೈಟರ್ರೇ. ಆದರೆ ನೂರು ವರ್ಷದ ಹಿಂದಿನ ಇಂಗ್ಲಿಷ್ ಅದು. ದೊಡ್ಡವರು ಕುತೂಹಲಕ್ಕೆ ಓದಲಿ.

ವಿಕ್ಷನರಿಯ ತೊಂದರೆ ಗಾತ್ರದ್ದು. ಇಂಗ್ಲಿಷ್ ಪದಗಳ ಫೈಲ್ ಒಂದೇ ಗಿಗಾಬೈಟ್ ಲೆಕ್ಕದಲ್ಲಿದೆ. ಶಾಲೆಯ ಯಂತ್ರಕ್ಕೆ ಅದನ್ನು ಹಾಗೇ ಹಾಕಬೇಡಿ. ಸಾಲು ಸಾಲಾಗಿ ಓದಿ, ಬೇಕಾದ ಇಪ್ಪತ್ತು ಸಾವಿರ ಪದ ಮಾತ್ರ ಉಳಿಸಿಕೊಂಡು ಎಸ್‌ಕ್ಯೂಲೈಟ್‌ಗೆ ಹಾಕಿ. ಆಗ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ "ಅಸಭ್ಯ", "ಅವಮಾನಕರ" ಎಂಬ ಗುರುತಿರುವ ಅರ್ಥಗಳನ್ನು ತೆಗೆಯಿರಿ. ಹೈಸ್ಕೂಲು ಹುಡುಗರು ಯಾವ ಪದ ಮೊದಲು ಹುಡುಕುತ್ತಾರೆ ಅಂತ ಗೊತ್ತಲ್ಲ. ಗುರುತು ಹಾಕದೆ ಬಿಟ್ಟ ಪದಗಳೂ ಇರುತ್ತವೆ, ಆದ್ದರಿಂದ ತಡೆಯುವ ಪದಗಳ ಪಟ್ಟಿಯನ್ನೂ ಒಂದು ಇಟ್ಟುಕೊಳ್ಳಿ. ವರ್ಡ್‌ನೆಟ್‌ನಲ್ಲೂ ಇಂಥ ಪದಗಳಿವೆ. ಅದು ವಿಶ್ವವಿದ್ಯಾಲಯದ್ದು, ಹಾಗಾಗಿ ಶುದ್ಧ ಅಂದುಕೊಳ್ಳಬೇಡಿ.

ಇಲ್ಲಿ ಬಹಳ ಜನ ಗಮನಿಸದೇ ಹೋಗುವುದು ವಿಕ್ಷನರಿಯ ತಮ್ಮನನ್ನು: ಸಿಂಪಲ್ ಇಂಗ್ಲಿಷ್ ವಿಕ್ಷನರಿ. ಪದಗಳು ಅಣ್ಣನಿಗಿಂತ ತುಂಬ ಕಡಿಮೆ. ಆದರೆ ವಿವರಣೆಗಳನ್ನು ಸುಲಭದ ಇಂಗ್ಲಿಷ್‌ನಲ್ಲೇ ಬರೆಯಬೇಕು ಅನ್ನುವುದು ಅಲ್ಲಿಯ ನಿಯಮ. ವಾಕ್ಯ ಚಿಕ್ಕದು, ಉದಾಹರಣೆ ದಿನಬಳಕೆಯದು. ಕನ್ನಡ ಮಾಧ್ಯಮದ ಮಕ್ಕಳಿಗೆ ಉಚಿತವಾಗಿ ಸಿಗುವ ಡೇಟಾದಲ್ಲಿ ನನಗೆ ಹಿಡಿಸಿದ್ದು ಇದೇ. ವಿಕಿಮೀಡಿಯದವರ ಡಂಪ್ ಪುಟದಲ್ಲಿ ಇಡೀ ಡೇಟಾ ಇಳಿಸಿಕೊಳ್ಳಬಹುದು. ವಿಕಿಯ ಬರಹದ ರೂಪದಲ್ಲಿರುವುದರಿಂದ ಬಿಡಿಸಲು ಸ್ವಲ್ಪ ಕೆಲಸ ಇದೆ. ಅದಕ್ಕೆ ಪೈಥಾನ್‌ನಲ್ಲಿ ಲೈಬ್ರರಿಗಳಿವೆ. ಈ ಶ್ರಮ ದಂಡವಲ್ಲ.

ಅಂದ ಹಾಗೆ, ನಿಮಗೆ ಆ್ಯಪ್ ಬೇಡ, ಮಕ್ಕಳು ನಿಘಂಟು ಓದಿದರೆ ಸಾಕು ಅಂತಾದರೆ ಕೋಡ್ ಬರೆಯುವುದೇ ಬೇಡ. ಕಿವಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇಡೀ ವಿಕ್ಷನರಿಯನ್ನು ಒಂದು ಫೈಲಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಲ್ಯಾಬಿನ ಒಂದು ಯಂತ್ರದಲ್ಲಿಟ್ಟು ವೈಫೈ ಮೂಲಕ ಉಳಿದವಕ್ಕೂ ಹಂಚಬಹುದು.

ಯಾವ ಪದ ಮೊದಲು ಕಲಿಸಬೇಕು?

ಅರ್ಥದ ಡೇಟಾ ಇದ್ದರೆ ನಿಘಂಟಾಯಿತು. ಕಲಿಸುವ ಆ್ಯಪ್ ಆಗಬೇಕಾದರೆ ಪದಗಳ ಸರದಿ ಬೇಕು. ಇದಕ್ಕೆ ಎರಡು ಸಲಕರಣೆ ಸಾಕು.

ನ್ಯೂ ಜನರಲ್ ಸರ್ವಿಸ್ ಲಿಸ್ಟ್ ಎಂಬ ಪಟ್ಟಿ 2013ರಲ್ಲಿ ಬಂತು. ಸುಮಾರು 2,800 ಪದಗಳು. ಇಂಗ್ಲಿಷ್ ಎರಡನೇ ಭಾಷೆಯಾಗಿ ಕಲಿಯುವವರಿಗೆಂದೇ ಮಾಡಿದ್ದು. ಸಾಮಾನ್ಯ ಇಂಗ್ಲಿಷ್ ಬರಹದ ಹೆಚ್ಚಿನ ಪಾಲು ಈ ಪದಗಳಲ್ಲೇ ಮುಗಿಯುತ್ತದೆ. ಇದರಿಂದ ಶುರು ಮಾಡಿ.

ಅದರಾಚೆಗೆ ರಾಬಿನ್ ಸ್ಪೀರ್ ಬರೆದ ವರ್ಡ್‌ಫ್ರೀಕ್ ಎಂಬ ಪೈಥಾನ್ ಲೈಬ್ರರಿ. ಯಾವ ಪದ ಎಷ್ಟು ಬಳಕೆಯಲ್ಲಿದೆ ಅಂತ ಜಿಫ್ ಎಂಬ ಅಳತೆಯಲ್ಲಿ ಹೇಳುತ್ತದೆ. ಅಳತೆ 6 ಅಂದರೆ ಸಾವಿರ ಪದಕ್ಕೆ ಒಂದು ಸಲ ಬರುವ ಪದ. 3 ಅಂದರೆ ಹತ್ತು ಲಕ್ಷಕ್ಕೆ ಒಂದು ಸಲ. 4ಕ್ಕಿಂತ ಮೇಲಿನವನ್ನು ಹೈಸ್ಕೂಲಿಗೆ, 3ರಿಂದ 4ರವರೆಗಿನವನ್ನು ಪಿಯುಸಿಗೆ ಅಂತ ನಾನು ಅಂದಾಜಿಗೆ ಭಾಗ ಮಾಡುತ್ತೇನೆ. ಈ ಡೇಟಾ 2021ರ ಸುಮಾರಿಗೆ ನಿಂತಿದೆ. ಎಐ ಬರೆದ ಪಠ್ಯ ವೆಬ್ ತುಂಬ ಹರಡಿದ ಮೇಲೆ ಜನ ಭಾಷೆ ಬಳಸುವ ನಿಜವಾದ ಲೆಕ್ಕ ಸಿಗುವುದಿಲ್ಲ ಅಂತ ಹೇಳಿ, 2024ರಲ್ಲಿ ಸ್ಪೀರ್ ಅದನ್ನು ಇನ್ನು ಹೊಸದು ಮಾಡುವುದಿಲ್ಲ ಅಂದರು. ನಮ್ಮ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ. ಸಾಮಾನ್ಯ ಪದಗಳ ಲೆಕ್ಕ ಕೆಲವು ವರ್ಷದಲ್ಲಿ ಅಡಿಮೇಲಾಗುವುದಿಲ್ಲ.

ಉಚ್ಚಾರಣೆಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟು ಇದೆ. 1,34,000ಕ್ಕೂ ಹೆಚ್ಚು ಪದ, 39 ಧ್ವನಿಗಳು. ಆ 39ನ್ನು ಕನ್ನಡ ಅಕ್ಷರಕ್ಕೆ ಹೊಂದಿಸುವ ಕೋಷ್ಟಕ ಮಾಡಿದರೆ ಉಚ್ಚಾರಣೆಯನ್ನು ಕನ್ನಡದಲ್ಲೇ ತೋರಿಸಬಹುದು. ಮಕ್ಕಳಿಗೆ ಇದು ಬಹಳ ಇಷ್ಟ. ಆದರೆ ಧ್ವನಿ ಅಮೆರಿಕದ್ದು. ಕ್ಲಾಸಿನಲ್ಲಿ 'ಷೆಡ್ಯೂಲ್' ಅಂತ ಕಲಿತದ್ದು ಆ್ಯಪ್‌ನಲ್ಲಿ 'ಸ್ಕೆಜುಲ್' ಆಗುತ್ತದೆ. ಟೀಚರ್‌ಗೆ ಮೊದಲೇ ಹೇಳಿಡಿ.

ಕನ್ನಡದ ಅರ್ಥ ಸೇರಿಸಬೇಕೇ?

ಸೇರಿಸಿ, ಆದರೆ ಅದೊಂದೇ ಇರಬಾರದು. ಕೊಡಗಿನ ಒಂದು ತರಗತಿಯಲ್ಲಿ ಮನೆಮಾತು ಎಷ್ಟಿವೆ ಎಣಿಸಿ ನೋಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ. ಈಗೀಗ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಲೈನ್ ಮನೆಗಳಿಂದ ಶಾಲೆಗೆ ಬರುತ್ತಾರೆ. ಕನ್ನಡದ ಅರ್ಥ ಕೊಟ್ಟರೆ ಎಲ್ಲರಿಗೂ ತಿಳಿಯಿತು ಅಂತ ಬೆಂಗಳೂರಿನಲ್ಲಿ ಕೂತು ಹೇಳಬಹುದು, ಇಲ್ಲಿ ಆಗುವುದಿಲ್ಲ. ಸುಲಭದ ಇಂಗ್ಲಿಷ್ ವಿವರಣೆ, ಅದರ ಕೆಳಗೆ ಕನ್ನಡದ ಪದ, ಸಾಧ್ಯವಾದರೆ ಒಂದು ಚಿತ್ರ. ಈ ಮೂರೂ ಇದ್ದರೆ ಯಾವುದಾದರೂ ಒಂದು ಹಿಡಿತಕ್ಕೆ ಸಿಗುತ್ತದೆ.

ಕನ್ನಡಕ್ಕೆ ನೋಡಬೇಕಾದ್ದು 'ಅಲರ್'. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. 1,50,000ಕ್ಕೂ ಹೆಚ್ಚು ಕನ್ನಡ ಪದಗಳು, ಅವಕ್ಕೆ 2,40,000ದಷ್ಟು ಇಂಗ್ಲಿಷ್ ವಿವರಣೆಗಳು. ಇಡೀ ಡೇಟಾ ಇಳಿಸಿಕೊಳ್ಳಬಹುದು. ಆದರೆ ಅದು ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವ ನಿಘಂಟು. ನಮಗೆ ಬೇಕಾದ್ದು ತಿರುಗಾಮುರುಗಾ. ಇಂಗ್ಲಿಷ್ ವಿವರಣೆಯಲ್ಲಿ ಪದ ಹುಡುಕಿ ಹಿಂದಕ್ಕೆ ಬಂದರೆ ಮರ, ಪ್ರಾಣಿ, ಪಾತ್ರೆಯಂಥ ವಸ್ತುಗಳಿಗೆ ಚೆನ್ನಾಗಿ ಸಿಗುತ್ತದೆ. 'ಗೆಟ್', 'ಟೇಕ್' ಥರದ ಕ್ರಿಯಾಪದಗಳಿಗೆ ನೂರಾರು ಬಂದು ತಲೆ ಕೆಡುತ್ತದೆ.

ಅಂಥ ಕಡೆ ವಿಕ್ಷನರಿಯ ಅನುವಾದದ ಪಟ್ಟಿ ವಾಸಿ. ಕನ್ನಡ ಎಲ್ಲ ಪದಕ್ಕೂ ಇಲ್ಲ. ಇರುವ ಕಡೆ ಯಾವ ಅರ್ಥಕ್ಕೆ ಯಾವ ಕನ್ನಡ ಪದ ಅಂತ ಬಿಡಿಸಿ ಹಾಕಿರುತ್ತಾರೆ. ಐಐಟಿ ಬಾಂಬೆಯ ಇಂಡೋವರ್ಡ್‌ನೆಟ್‌ನಲ್ಲೂ ಕನ್ನಡ ಇದೆ. ಸಂಶೋಧನೆ ಮಾಡುವವರಿಗೆ ಅದು ಬೇಕಾಗುತ್ತದೆ, ಶಾಲೆಯ ಆ್ಯಪ್‌ಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಲೈಸೆನ್ಸ್

ಉಚಿತ ಅಂದರೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ಪ್ರಿನ್ಸ್‌ಟನ್ ವರ್ಡ್‌ನೆಟ್ ಅನ್ನು ಮಾರುವ ಆ್ಯಪ್‌ನಲ್ಲೂ ಬಳಸಬಹುದು, ಅವರ ಹಕ್ಕಿನ ಸೂಚನೆ ಜೊತೆಗಿರಬೇಕು. ಓಪನ್ ಇಂಗ್ಲಿಷ್ ವರ್ಡ್‌ನೆಟ್‌ಗೆ ಹೆಸರು ಹೇಳಿದರೆ ಸಾಕು. ವಿಕ್ಷನರಿಯದ್ದು ಸ್ವಲ್ಪ ಬಿಗಿ: ಹೆಸರೂ ಹೇಳಬೇಕು, ಅದರಿಂದ ಮಾಡಿದ ಹೊಸ ಡೇಟಾವನ್ನು ಅದೇ ಷರತ್ತಿನಲ್ಲಿ ಬೇರೆಯವರಿಗೂ ಬಿಡಬೇಕು. ಅಲರ್ ಡೇಟಾಕ್ಕೂ ಹೆಚ್ಚುಕಡಿಮೆ ಇಂಥದೇ ಷರತ್ತು. ಶಾಲಾ ವಾರ್ಷಿಕೋತ್ಸವಕ್ಕೆ ಪದಕೋಶದ ಪುಸ್ತಿಕೆ ಅಚ್ಚು ಹಾಕಿಸುವಾಗಲೂ ಇದು ಅನ್ವಯಿಸುತ್ತದೆ. ಕೊನೆಯ ಪುಟದಲ್ಲಿ ಎರಡು ಸಾಲು ಬರೆದರೆ ಮುಗಿಯಿತು. ಪ್ರಕಾಶಕರ ಎಪಿಐಯಿಂದ ಬಂದ ವಿವರಣೆಗಳನ್ನು ಮಾತ್ರ ಅಚ್ಚಿಗೆ ಹಾಕಬೇಡಿ.

ಹಾಗಾದರೆ ಯಾವುದು?

ಕನ್ನಡ ಮಾಧ್ಯಮದ ಹೈಸ್ಕೂಲಿಗೆ: ಕೈಬರಹದ ಪುಟ್ಟ ಪದಗಳ ಪಟ್ಟಿ, ಅದರ ಮೇಲೆ ಸಿಂಪಲ್ ಇಂಗ್ಲಿಷ್ ವಿಕ್ಷನರಿ, ಅಲ್ಲಿ ಸಿಗದಿದ್ದರೆ ಓಪನ್ ಇಂಗ್ಲಿಷ್ ವರ್ಡ್‌ನೆಟ್‌ನ ಮೊದಲ ಎರಡು ಅರ್ಥ, ಕನ್ನಡಕ್ಕೆ ಅಲರ್. ಪೂರ್ತಿ ಆಫ್‌ಲೈನ್. ನ್ಯೂ ಜನರಲ್ ಸರ್ವಿಸ್ ಲಿಸ್ಟ್‌ನ 2,800 ಪದಗಳ ಅರ್ಥವನ್ನು ಟೀಚರ್ ಒಮ್ಮೆ ಕಣ್ಣಾಡಿಸಿ ನೋಡಿದರೆ ಇನ್ನೂ ಒಳ್ಳೆಯದು. 'ಎಸ್ಟೇಟ್' ಥರದ ಪದಗಳ ಸರದಿಯನ್ನು ಅವರೇ ಬದಲಿಸಲಿ.

ಬ್ಯಾಂಕ್, ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಸಮಾನಾರ್ಥಕ, ವಿರುದ್ಧಾರ್ಥಕ ಬೇಕು. ಅಲ್ಲಿ ವರ್ಡ್‌ನೆಟ್‌ನದೇ ಮೇಲುಗೈ. ವಿವರಣೆ ಗಡಸಾದರೂ ಅವರು ಓದಿಕೊಳ್ಳುತ್ತಾರೆ. ಕಾಫಿ ವಹಿವಾಟಿನ ಪತ್ರ, ಹೋಂಸ್ಟೇ ಅತಿಥಿಗಳ ಮೇಲ್ ಓದುವವರಿಗೆ ವಿಕ್ಷನರಿ.

ಮಡಿಕೇರಿ, ಕುಶಾಲನಗರ ಟೌನಿನಲ್ಲಿ ಫೈಬರ್ ಇರುವ ಕೋಚಿಂಗ್ ಸೆಂಟರ್‌ನವರು ಫ್ರೀ ಡಿಕ್ಷನರಿ ಎಪಿಐಯಿಂದಲೇ ಶುರು ಮಾಡಬಹುದು. ಒಮ್ಮೆ ಬಂದ ಉತ್ತರವನ್ನು ನಿಮ್ಮ ಯಂತ್ರದಲ್ಲೇ ಉಳಿಸಿಕೊಳ್ಳಿ. ಮುಂದಿನ ಸಲ ಅದೇ ಪದಕ್ಕೆ ನೆಟ್ ಬೇಡ.

ಇನ್ನು ಆಫ್‌ಲೈನ್ ಇನ್‌ಸ್ಟಾಲ್ ಮಾಡುವವರಿಗೆ. ಎನ್‌ಎಲ್‌ಟಿಕೆ ಹಾಕಿದ ಮಾತ್ರಕ್ಕೆ ವರ್ಡ್‌ನೆಟ್ ಬರುವುದಿಲ್ಲ, ಡೇಟಾವನ್ನು ಬೇರೆ ಇಳಿಸಬೇಕು. ಕೆಲವು ಆವೃತ್ತಿಗಳು 'ಒಎಂಡಬ್ಲ್ಯು-1.4' ಎಂಬ ಇನ್ನೊಂದು ಡೇಟಾವನ್ನೂ ಕೇಳುತ್ತವೆ. ಇವೆರಡೂ 'ಎನ್‌ಎಲ್‌ಟಿಕೆ_ಡೇಟಾ' ಫೋಲ್ಡರ್‌ನಲ್ಲಿ ಕೂರುತ್ತವೆ. 'ಡಬ್ಲ್ಯುಎನ್' ಲೈಬ್ರರಿಯ ಡೇಟಾ ಹೋಮ್ ಫೋಲ್ಡರ್‌ನ ಒಳಗೆ, ಚುಕ್ಕಿಯಿಂದ ಶುರುವಾಗುವ 'ಡಬ್ಲ್ಯುಎನ್_ಡೇಟಾ' ಎಂಬ ಅಡಗಿದ ಫೋಲ್ಡರ್‌ನಲ್ಲಿರುತ್ತದೆ. ನೆಟ್ ಇರುವ ಕಡೆ ಎಲ್ಲ ಇಳಿಸಿ, ಪೈಥಾನ್‌ನ 'ಪಿಪ್ ಡೌನ್‌ಲೋಡ್' ಆಜ್ಞೆಯಿಂದ ಲೈಬ್ರರಿಯ ಫೈಲುಗಳನ್ನೂ ತೆಗೆದು, ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ. ಶಾಲೆಗೆ ಹೊರಡುವ ಮೊದಲು ವೈಫೈ ಆಫ್ ಮಾಡಿ ಒಮ್ಮೆ ಓಡಿಸಿ ನೋಡಿ. ಲ್ಯಾಬಿನ ಯಂತ್ರದಲ್ಲಿರುವ ಪೈಥಾನ್ ಯಾವ ಆವೃತ್ತಿ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಆವೃತ್ತಿ ಬೇರೆಯಾದರೆ ತಂದ ಫೈಲುಗಳಲ್ಲಿ ಕೆಲವು ಅಲ್ಲಿ ಕೂರುವುದಿಲ್ಲ.